ಮೂರು ತಿಂಗಳಿಗೊಮ್ಮೆ ಬರುವ ಲಕೋಟೆ

ಕಳೆದ ಮಂಗಳವಾರ ಮಧ್ಯಾಹ್ನ, ಮೂಳೆ ವಿಭಾಗದ ರೋಗಿಗಳ ಸಾಲು ಇನ್ನೂ ಕರಗಿರಲಿಲ್ಲ, ಕೊರಿಯರ್ ಹುಡುಗ ನಮ್ಮ ಎಕ್ಸ್‌ರೇ ಕೊಠಡಿಯ ಕಿಟಕಿಯಲ್ಲಿ ಕಂದು ಬಣ್ಣದ ಲಕೋಟೆಯೊಂದನ್ನು ಇಟ್ಟು ಸಹಿ ಹಾಕಿಸಿಕೊಂಡು ಹೋದ. ಒಳಗೆ ಮುಂದಿನ ಮೂರು ತಿಂಗಳಿಗೆ ಏಳು ಹೊಸ ಬ್ಯಾಡ್ಜ್‌ಗಳಿದ್ದವು. ಜೊತೆಗೆ ಹಿಂದಿನ ಸಲ ಕಳುಹಿಸಿದ್ದ ಬ್ಯಾಡ್ಜ್‌ಗಳ ವರದಿ. ನನ್ನ ಹೆಸರಿನ ಎದುರು 0.10 ಎಂದು ಬರೆದಿತ್ತು. ಮೂರು ತಿಂಗಳಲ್ಲಿ ನನ್ನ ಮೈಗೆ ತಾಗಿದ ವಿಕಿರಣ ಅದು, ಮಿಲಿಸೀವರ್ಟ್ ಲೆಕ್ಕದಲ್ಲಿ. ನನ್ನಂಥ ಕೆಲಸಗಾರರಿಗೆ ನಮ್ಮ ದೇಶದಲ್ಲಿರುವ ಮಿತಿ ಯಾವುದೇ ಒಂದು ವರ್ಷಕ್ಕೆ 30, ಸತತ ಐದು ವರ್ಷಗಳಿಗೆ ಒಟ್ಟು 100. ಅದರ ಮುಂದೆ 0.10 ತೀರಾ ಚಿಕ್ಕ ಸಂಖ್ಯೆ. ಆದರೂ ಆ ಹಾಳೆಯನ್ನು ನಾನು ಎರಡು ಸಲ ಓದುತ್ತೇನೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ನಾನು ಮಂಡ್ಯದಲ್ಲಿ ಎಕ್ಸ್‌ರೇ ತಂತ್ರಜ್ಞೆ. ಇಪ್ಪತ್ತು ವರ್ಷಗಳಿಂದ ಇದೇ ಕೆಲಸ. ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ ನಾವು ಸಿಕ್ಕಿಸಿಕೊಳ್ಳುವ ಈ ಬ್ಯಾಡ್ಜನ್ನು ರೋಗಿಗಳು ಗುರುತಿನ ಚೀಟಿ ಎಂದುಕೊಳ್ಳುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ತೆಳುವಾದ ಲೋಹದ ಪಟ್ಟಿ, ಅದರಲ್ಲಿ ಅಂಗಿಯ ಗುಂಡಿಯಷ್ಟಗಲದ ಮೂರು ಬಿಳಿಯ ಬಿಲ್ಲೆಗಳು. ಒಂದರ ಮುಂದೆ ಲೋಹದ ತಡೆ, ಇನ್ನೊಂದರ ಮುಂದೆ ಪ್ಲಾಸ್ಟಿಕ್ ತಡೆ, ಮೂರನೆಯದರ ಮುಂದೆ ಏನೂ ಇಲ್ಲ. ಆ ಬಿಲ್ಲೆಗಳು ಕ್ಯಾಲ್ಸಿಯಂ ಸಲ್ಫೇಟಿಗೆ ಒಂದಿಷ್ಟು ಡಿಸ್ಪ್ರೋಸಿಯಂ ಸೇರಿಸಿ ಟೆಫ್ಲಾನಿನಲ್ಲಿ ಅಚ್ಚು ಹಾಕಿದವು. ವಿಕಿರಣ ಬಿದ್ದಾಗ ಅದರ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ ಹಿಡಿದಿಟ್ಟದ್ದನ್ನೆಲ್ಲ ಬೆಳಕಾಗಿ ಬಿಡುತ್ತವೆ. ಆ ಬೆಳಕನ್ನು ಅಳೆದರೆ ನನ್ನ ಮೂರು ತಿಂಗಳ ಲೆಕ್ಕ ಸಿಗುತ್ತದೆ. ಏಳನೆಯ ಬ್ಯಾಡ್ಜ್ ಯಾರದ್ದೂ ಅಲ್ಲ. ಅದನ್ನು ಎಕ್ಸ್‌ರೇ ತಾಗದ ದಾಖಲೆ ಕೊಠಡಿಯ ಕಪಾಟಿನಲ್ಲಿ ಇಡುತ್ತೇವೆ. ಪ್ರಕೃತಿಯಲ್ಲೇ ಇರುವ ವಿಕಿರಣ ಎಷ್ಟು, ನಮ್ಮ ಕೆಲಸದಿಂದ ಬಂದದ್ದು ಎಷ್ಟು ಎಂದು ಬೇರ್ಪಡಿಸಲು ಅದು ಬೇಕು.

ನನ್ನ ಮೊದಲ ಕೆಲಸ ಮಾತ್ರ ಬ್ಯಾಡ್ಜ್ ಇಲ್ಲದ ಕೆಲಸ. ಊರಿನ ಹೆಸರು ಬೇಡ, ಹೆದ್ದಾರಿ ಬದಿಯ ಒಂದು ನರ್ಸಿಂಗ್ ಹೋಮ್. ಮೆಟ್ಟಿಲ ಕೆಳಗಿನ ಜಾಗಕ್ಕೆ ಪ್ಲೈವುಡ್ ಬಾಗಿಲು ಹಾಕಿ ಎಕ್ಸ್‌ರೇ ಕೊಠಡಿ ಮಾಡಿದ್ದರು. ಬಾಗಿಲಿಗೆ ಸೀಸದ ತಗಡು ಇರಲಿಲ್ಲ. ಆಚೆ ಬದಿಯಲ್ಲಿ ರೋಗಿಗಳ ಬೆಂಚು. ಬ್ಯಾಡ್ಜ್ ಕೇಳಿದಾಗ ಮಾಲೀಕರು, “ಅದೆಲ್ಲ ದೊಡ್ಡ ಆಸ್ಪತ್ರೆಗಳಿಗೆ. ದಿನಕ್ಕೆ ಹತ್ತು ಫಿಲಂ ತೆಗೆಯುವುದಕ್ಕೆ ಏನಾಗುತ್ತದೆ?” ಎಂದರು. ನನಗೆ ಆಗ ಇಪ್ಪತ್ಮೂರು ವರ್ಷ, ಕೆಲಸ ಬೇಕಿತ್ತು. ಏಳು ವರ್ಷ ಅಲ್ಲಿದ್ದೆ. ಮಗಳು ಹೊಟ್ಟೆಯಲ್ಲಿದ್ದಾಗಲೂ ಐದನೆಯ ತಿಂಗಳವರೆಗೆ ಅದೇ ಕೊಠಡಿಯಲ್ಲಿ ನಿಂತಿದ್ದೆ. ಮಗಳು ಚೆನ್ನಾಗಿದ್ದಾಳೆ, ಈಗ ಹೈಸ್ಕೂಲು. ಆದರೆ ಆ ಏಳು ವರ್ಷಗಳಲ್ಲಿ ನನಗೆ, ಅವಳಿಗೆ, ಆ ಬೆಂಚಿನ ಮೇಲೆ ಕುಳಿತಿದ್ದವರಿಗೆ ಎಷ್ಟು ತಾಗಿತು ಎಂಬುದಕ್ಕೆ ಎಲ್ಲಿಯೂ ಒಂದು ಅಂಕಿಯಿಲ್ಲ. ವರದಿಯನ್ನು ಎರಡು ಸಲ ಓದುವುದು ಅದಕ್ಕೇ.

2012ರಲ್ಲಿ ಮಹಾಲೇಖಪಾಲರ, ಅಂದರೆ ಸಿಎಜಿಯ ವರದಿಯೊಂದು ಪತ್ರಿಕೆಗಳಲ್ಲಿ ಬಂತು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕೆಲಸವನ್ನು ಅವರು ಪರಿಶೀಲಿಸಿದ್ದರು. ದೇಶದಲ್ಲಿದ್ದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳ ಪೈಕಿ ಮಂಡಳಿಯಲ್ಲಿ ನೋಂದಣಿಯಾಗಿದ್ದವು 5,270 ಮಾತ್ರ. ಉಳಿದ 52,173 ಘಟಕಗಳು ಯಾರ ಕಣ್ಣಿಗೂ ಬೀಳದೆ ನಡೆಯುತ್ತಿದ್ದವು. ಆ ಸುದ್ದಿಯನ್ನು ನಾನು ಓದಿದ್ದು ಆ ಮೆಟ್ಟಿಲ ಕೆಳಗಿನ ಕೊಠಡಿಯಲ್ಲೇ ಕುಳಿತು. ಲೆಕ್ಕದಿಂದ ತಪ್ಪಿಹೋದ ಆ ರಾಶಿಯಲ್ಲಿ ನನ್ನದೂ ಒಂದು ಎಂದು ಗೊತ್ತಾದಾಗ ಕೈಕಾಲು ತಣ್ಣಗಾಯಿತು. ಮರುವರ್ಷ ಕೆಲಸ ಬಿಟ್ಟು ಈಗಿನ ಆಸ್ಪತ್ರೆಗೆ ಬಂದೆ.

ಇಲ್ಲಿಗೆ ಬಂದ ಮೂರನೆಯ ವರ್ಷ ಮಂಡಳಿಯಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಸಣಕಲು ಆಳು, ಮೆಲುದನಿ. ಕಾಫಿ ಬೇಡ ಎಂದರು. ಮೊದಲು ಪರವಾನಗಿ, ಯಂತ್ರದ ಗುಣಮಟ್ಟ ಪರೀಕ್ಷೆಯ ಕಾಗದ, ಬ್ಯಾಡ್ಜ್ ವರದಿಗಳ ಕಡತ. ಆಮೇಲೆ ಕಡತ ಮುಚ್ಚಿಟ್ಟು ನೇರವಾಗಿ ನನ್ನ ಕಡೆಗೆ ತಿರುಗಿ, “ಮೇಡಂ, ನೀವು ಎಕ್ಸ್‌ಪೋಶರ್ ಕೊಡುವಾಗ ಎಲ್ಲಿ ನಿಲ್ಲುತ್ತೀರಿ, ನಿಂತು ತೋರಿಸಿ” ಎಂದರು. ಪಕ್ಕದಲ್ಲಿ ನಮ್ಮ ಹಿರಿಯ ವೈದ್ಯರು ಉತ್ತರ ಹೇಳಲು ಬಾಯಿ ತೆರೆದಿದ್ದರು. ಅಧಿಕಾರಿ ವಿನಯದಿಂದಲೇ ಕೈ ಅಡ್ಡ ಮಾಡಿ, “ಇವರೇ ಹೇಳಲಿ ಸರ್” ಎಂದರು. ನಾನು ನಿಂತ ಜಾಗದಲ್ಲಿ, ಬಾಗಿಲ ಸಂದಿನಲ್ಲಿ, ಹೊರಗಿನ ಬೆಂಚಿನ ಬಳಿ ಮೀಟರ್ ಹಿಡಿದು ಒಂದೊಂದು ಸಲವೂ ಎಕ್ಸ್‌ಪೋಶರ್ ಕೊಡಿಸಿ ಬರೆದುಕೊಂಡರು.

ಕೊನೆಗೆ ನನ್ನ ಏಪ್ರನ್ ಕೇಳಿದರು. ಅದು ಕುರ್ಚಿಯ ಬೆನ್ನಿನ ಮೇಲೆ ಎರಡು ಮಡಿಕೆಯಾಗಿ ಬಿದ್ದಿತ್ತು. ಮೇಜಿನ ಮೇಲೆ ಹರಡಿ, “ಇದರದ್ದೇ ಒಂದು ಎಕ್ಸ್‌ರೇ ತೆಗೆಯಿರಿ” ಎಂದರು. ತೆಗೆದೆ. ಪರದೆಯ ಮೇಲೆ ಏಪ್ರನ್ ಬೆಳ್ಳಗೆ ಮೂಡಿತು. ನಡುವೆ, ಸರಿಯಾಗಿ ನನ್ನ ಹೊಟ್ಟೆಯ ಮಟ್ಟದಲ್ಲಿ, ಒಂದು ಗೇಣುದ್ದದ ಕಪ್ಪು ಗೆರೆ. ಮಡಚಿ ಮಡಚಿ ಒಳಗಿನ ಸೀಸದ ಹಾಳೆ ಸೀಳಿಹೋಗಿತ್ತು. ಮೇಲಿನ ನೀಲಿ ಬಟ್ಟೆಗೆ ಏನೂ ಆಗಿರಲಿಲ್ಲ, ಕೈಯಿಂದ ಸವರಿದರೂ ತಿಳಿಯುತ್ತಿರಲಿಲ್ಲ. ಅವರು ಒಂದೂ ಗಡಸು ಮಾತು ಆಡಲಿಲ್ಲ. ವರದಿಯಲ್ಲಿ ಬರೆದರು, ಏಪ್ರನ್ ಬದಲಾಯಿಸಲು ದಿನ ಗೊತ್ತು ಮಾಡಿದರು, ನೇತುಹಾಕಲು ಗೋಡೆಗೆ ಗೂಟ ಹೊಡೆಸಿ ಎಂದರು. ಹೊರಡುವಾಗ ನನಗೆ ಅಳು ಬಂತು. ಆ ಏಳು ವರ್ಷಗಳಲ್ಲಿ ಇಂಥ ಒಬ್ಬರು ಒಂದೇ ಒಂದು ಸಲ ಬಂದಿದ್ದರೆ ಎಂದು.

ಅಂದಿನಿಂದ ಈ ಮಂಡಳಿಯ ಬಗ್ಗೆ ಏನು ಸಿಕ್ಕಿದರೂ ಓದುವ ಅಭ್ಯಾಸವಾಯಿತು. ನನ್ನ ಮೆಟ್ಟಿಲ ಕೆಳಗಿನ ಕೊಠಡಿಯನ್ನು ನೋಡಬೇಕಿದ್ದ ಮಂಡಳಿಯೇ ಕೈಗಾ, ಕೂಡಂಕುಳಂ, ತಾರಾಪುರದ ಅಣು ವಿದ್ಯುತ್ ಸ್ಥಾವರಗಳನ್ನೂ ನೋಡಬೇಕು. 1983ರ ನವೆಂಬರ್ 15ರಂದು ಹುಟ್ಟಿದ ಸಂಸ್ಥೆ, ಮುಂಬೈಯ ಅಣುಶಕ್ತಿನಗರದಲ್ಲಿ ಕಚೇರಿ. ಓದಿದ್ದು ಅರ್ಥವಾಗದಿದ್ದಾಗ ಹೇಳಿಕೊಡಲು ಮನೆಯಲ್ಲೇ ಒಬ್ಬನಿದ್ದಾನೆ. ನನ್ನ ತಮ್ಮ ಕೈಗಾದಲ್ಲಿ ನಿಯಂತ್ರಣ ಕೊಠಡಿಯ ಪಾಳಿ ಎಂಜಿನಿಯರ್.

ಈ ಸಲ ಸಂಕ್ರಾಂತಿಗೆ ಅವನು ರಜೆ ಹಾಕಿ ಬಂದಿದ್ದ. ನಮ್ಮೂರು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗ. ನಾಲೆಯ ಕೊನೆಯ ಭಾಗ ಎಂದರೆ ಮಂಡ್ಯ ಜಿಲ್ಲೆಯವರಿಗೆ ಬೇರೆ ವಿವರಣೆ ಬೇಡ. ನೀರು ಬಂದರೂ ಕೊನೆಗೆ, ನಿಲ್ಲುವುದು ಮೊದಲು. ಅಪ್ಪ ದಿನವೂ ಪತ್ರಿಕೆಯಲ್ಲಿ ಕನ್ನಂಬಾಡಿ ಕಟ್ಟೆಯ ಮಟ್ಟ, ಒಳಹರಿವು, ಹೊರಹರಿವು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಮಟ್ಟವನ್ನು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಗರಿಷ್ಠ 124.80 ಅಡಿ ಎಂಬುದು ನಮ್ಮ ಮನೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂದದ್ದು. ಸಂಜೆ ದನಗಳನ್ನು ಕಿಚ್ಚು ಹಾಯಿಸಿ ಬಂದು, ಜಗಲಿಯಲ್ಲಿ ಕಬ್ಬು ಸಿಗಿಯುತ್ತಾ ಕುಳಿತಾಗ ನಾನೇ ಮಾತು ತೆಗೆದೆ.

“ಅಕ್ಕ, ನಿನ್ನ ಆಸ್ಪತ್ರೆಗೆ ಒಮ್ಮೆ ಬಂದು ಹೋದರು. ನಮ್ಮಲ್ಲಿ ಅವರು ಹೋಗುವುದೇ ಇಲ್ಲ” ಎಂದ. ನಿಯತ ತಪಾಸಣೆಗೆ ತಂಡ ಬಂದು ಹೋಗುವುದರ ಜೊತೆಗೆ, ಸ್ಥಾವರದಲ್ಲೇ ಉಳಿದು ನೋಡುವ ಮಂಡಳಿಯ ವೀಕ್ಷಕರೂ ಈಗ ಇರುತ್ತಾರಂತೆ. ಒಂದು ಸ್ಥಾವರ ಹುಟ್ಟುವ ಮೊದಲೇ ಕೆಲಸ ಶುರು. ಜಾಗ ಆರಿಸಲು ಒಪ್ಪಿಗೆ, ಕಟ್ಟಲು ಒಪ್ಪಿಗೆ, ಪರೀಕ್ಷಾರ್ಥ ಚಾಲನೆಯ ಒಂದೊಂದು ಹಂತಕ್ಕೂ ಒಪ್ಪಿಗೆ, ನಡೆಸಲು ಪರವಾನಗಿ, ಕೊನೆಗೆ ಮುಚ್ಚುವುದಕ್ಕೂ ಒಪ್ಪಿಗೆ. ನಡೆಸುವ ಪರವಾನಗಿಯನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಹತ್ತು ವರ್ಷಗಳಿಗೊಮ್ಮೆ ಇಡೀ ಸ್ಥಾವರವನ್ನು ಇಂದಿನ ಅಳತೆಗೋಲಿಗೆ ಹಿಡಿದು ಬುಡದಿಂದ ಪರಿಶೀಲಿಸಬೇಕು. ಕಟ್ಟಿದಾಗ ಸರಿಯಿತ್ತು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಅವನ ಕುರ್ಚಿಯೂ ಮಂಡಳಿಯ ಕೈಯಲ್ಲಿದೆ. ನಿಯಂತ್ರಣ ಕೊಠಡಿಯಲ್ಲಿ ಕೂರಲು ಎಂಜಿನಿಯರಿಂಗ್ ಪದವಿ ಸಾಲದು. ಲಿಖಿತ ಪರೀಕ್ಷೆ, ಸ್ಥಾವರದೊಳಗೆ ನಡೆದಾಡಿ ಯಾವ ಕವಾಟ ಎಲ್ಲಿದೆ ಎಂದು ತೋರಿಸುವ ಪರೀಕ್ಷೆ, ಸಮಿತಿಯ ಮುಂದೆ ಮೌಖಿಕ. ಪಾಸಾದರೆ ಪರವಾನಗಿ, ಅದೂ ಅವಧಿಯದ್ದು. ಮುಗಿದ ಮೇಲೆ ಮತ್ತೆ ಪರೀಕ್ಷೆಗೆ ಕೂರಬೇಕು. “ಮೌಖಿಕದಲ್ಲಿ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರೆ ಬೇಸರಪಡುವುದಿಲ್ಲ. ಊಹಿಸಿ ಹೇಳಿದರೆ ಬಿಡುವುದಿಲ್ಲ” ಎಂದ.

ನನಗೆ ಹೆಚ್ಚು ಹಿಡಿಸಿದ್ದು ಅವರು ಟೆಕ್ ಸ್ಪೆಕ್ ಎಂದು ಕರೆಯುವ ಪುಸ್ತಕದ ವಿಷಯ. ಮಂಡಳಿ ಒಪ್ಪಿದ ಚಾಲನಾ ನಿಯಮಗಳು ಅದರಲ್ಲಿರುತ್ತವೆ. ಯಾವ ಒತ್ತಡ, ಯಾವ ತಾಪಮಾನ ದಾಟಬಾರದು, ಯಾವ ಉಪಕರಣ ಎಷ್ಟು ದಿನಕ್ಕೊಮ್ಮೆ ಪರೀಕ್ಷೆಯಾಗಬೇಕು, ಕೆಟ್ಟರೆ ಎಷ್ಟು ಹೊತ್ತಿನೊಳಗೆ ಸರಿಯಾಗಬೇಕು. ತುರ್ತು ಡೀಸೆಲ್ ಜನರೇಟರನ್ನೇ ತೆಗೆದುಕೊಳ್ಳಿ. ವರ್ಷಗಟ್ಟಲೆ ಅದರ ಅಗತ್ಯವೇ ಬೀಳದಿರಬಹುದು. ಆದರೂ ಗೊತ್ತಾದ ದಿನ ಓಡಿಸಿ, ಎಷ್ಟು ಸೆಕೆಂಡಿನಲ್ಲಿ ಹೊರೆ ಹೊತ್ತಿತು ಎಂದು ಬರೆಯಲೇಬೇಕು. ಕೆಟ್ಟು ನಿಂತು, ಅನುಮತಿಸಿದ ಅವಧಿ ಮೀರಿದರೆ ರಿಯಾಕ್ಟರನ್ನೇ ನಿಲ್ಲಿಸಬೇಕು. ಇಡೀ ರಾಜ್ಯ ಕತ್ತಲಲ್ಲಿದ್ದು ವಿದ್ಯುತ್ತಿಗಾಗಿ ಕಾದಿದ್ದರೂ ಸರಿ. ಏನಾದರೂ ಎಡವಟ್ಟಾದರೆ ವರದಿ ಹೋಗಬೇಕು. ಅದು ಸಾರ್ಕಾಪ್‌ಗೆ, ಅಂದರೆ ಚಾಲನೆಯಲ್ಲಿರುವ ಸ್ಥಾವರಗಳನ್ನು ಪರಿಶೀಲಿಸುವ ಸಮಿತಿಗೆ ಹೋಗುತ್ತದೆ. ಬಂದ ಪ್ರಶ್ನೆಗಳಿಗೆಲ್ಲ ಉತ್ತರ ಹೋಗುವವರೆಗೆ ಕಡತ ಮುಚ್ಚುವುದಿಲ್ಲ.

ಇಷ್ಟು ಬಿಗಿ ಯಾಕೆ ಎಂದು ಕೇಳಿದ್ದಕ್ಕೆ ನರೋರಾ ಕಥೆ ಹೇಳಿದ. 1993ರ ಮಾರ್ಚ್ 31, ಉತ್ತರ ಪ್ರದೇಶದ ನರೋರಾ ಸ್ಥಾವರದ ಮೊದಲ ಘಟಕ. ಟರ್ಬೈನಿನ ಬ್ಲೇಡ್ ಮುರಿದು, ಹೈಡ್ರೋಜನ್ ಸೋರಿ ಬೆಂಕಿ ಹತ್ತಿತು. ಬೆಂಕಿ ಕೇಬಲ್‌ಗಳನ್ನು ಹಿಡಿಯಿತು. ತುರ್ತು ವಿದ್ಯುತ್ತಿನ ಕೇಬಲ್‌ಗಳೂ ಅದೇ ದಾರಿಯಲ್ಲಿ ಹೋಗಿದ್ದವು. ಸುಮಾರು 17 ಗಂಟೆ ಘಟಕಕ್ಕೆ ವಿದ್ಯುತ್ ಇರಲಿಲ್ಲ. ರಿಯಾಕ್ಟರ್ ಆಗಲೇ ನಿಂತಿತ್ತು, ಅದು ಮತ್ತೆ ಚುರುಕಾಗದಂತೆ ನೋಡಿಕೊಳ್ಳಬೇಕಿತ್ತು. ಸಿಬ್ಬಂದಿ ಕೈಯಲ್ಲಿ ಟಾರ್ಚ್ ಹಿಡಿದು ಕತ್ತಲಲ್ಲಿ ಮೇಲೆ ಹತ್ತಿ, ಬೋರಾನ್ ದ್ರಾವಣ ಇಳಿಯುವಂತೆ ಕವಾಟಗಳನ್ನು ಕೈಯಿಂದಲೇ ತಿರುಗಿಸಿದರು. ವಿಕಿರಣ ಹೊರಬರಲಿಲ್ಲ. ಅಂತರರಾಷ್ಟ್ರೀಯ ಏಳು ಹಂತಗಳ ಅಳತೆಯಲ್ಲಿ ಅದು ಮೂರನೆಯ ಹಂತದ ಘಟನೆ. “ಆಮೇಲೆ ಕೇಬಲ್‌ಗಳ ದಾರಿ ಬೇರೆಬೇರೆಯಾಯಿತು. ನಾನು ಪರೀಕ್ಷೆಗೆ ಓದಿದ ನಿಯಮಗಳಲ್ಲಿ ಎಷ್ಟೋ ಆ ರಾತ್ರಿಯಿಂದ ಬಂದವು” ಎಂದ. ನನಗೆ ಅವನ ಕಣ್ಣುಗಳಲ್ಲಿ ಆ ಟಾರ್ಚ್ ಹಿಡಿದವರ ಮೇಲಿನ ಗೌರವ ಕಾಣುತ್ತಿತ್ತು.

ಅಪ್ಪ ಅಷ್ಟು ಹೊತ್ತೂ ಕಬ್ಬಿನ ಗಿಣ್ಣು ಕತ್ತರಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಈಗ ಕುಡುಗೋಲು ಕೆಳಗಿಟ್ಟು, “ಅದಿರಲಿ. ಈ ಮಂಡಳಿಯವರು ಯಾರಿಗೆ ಲೆಕ್ಕ ಒಪ್ಪಿಸುತ್ತಾರೆ?” ಎಂದು ಕೇಳಿದರು.

ತಮ್ಮ ಹೇಳಿದ. ಮಂಡಳಿ ಲೆಕ್ಕ ಒಪ್ಪಿಸುತ್ತಾ ಬಂದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರು ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿಯೇ. ಸ್ಥಾವರಗಳನ್ನು ನಡೆಸುವ ನಿಗಮವೂ ಅದೇ ಇಲಾಖೆಯದ್ದು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ನಮ್ಮೂರ ಹಳೆಯ ನೀರುಗಂಟಿಯ ವಿಷಯ ತೆಗೆದರು. ಕೆರೆಯ ತೂಬು ಎತ್ತಿ, ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವ ಕೆಲಸ ಅವನದು. “ಒಳ್ಳೆಯ ಮನುಷ್ಯ. ಒಂದು ಕಾಸು ಮುಟ್ಟಿದವನಲ್ಲ. ಆದರೆ ಅವನ ಹತ್ತು ಗುಂಟೆ ಗದ್ದೆ ಅದೇ ತೂಬಿನ ಕೆಳಗಿತ್ತು. ಕೆರೆ ತುಂಬಿದ ವರ್ಷ ಯಾರಿಗೂ ತೊಂದರೆಯಿಲ್ಲ. ಬರ ಬಂದ ವರ್ಷ ಅವನ ಗದ್ದೆಯ ಬದು ಮಾತ್ರ ಹಸಿಯಾಗಿರುತ್ತಿತ್ತು. ಕೇಳಿದರೆ ಅವನಿಗೇ ಆಶ್ಚರ್ಯ, ಬೇಕೆಂದು ಮಾಡಿದ್ದಲ್ಲ. ತೂಬು ಮುಚ್ಚುವಾಗ ಕೈ ತಾನಾಗಿಯೇ ಸ್ವಲ್ಪ ತಡವಾಗುತ್ತಿತ್ತು.”

ಆ ಮಾತು ಇಂದಿಗೂ ನನ್ನ ತಲೆಯಿಂದ ಹೋಗಿಲ್ಲ. ಮಂಡಳಿಯಲ್ಲಿ ಒಳ್ಳೆಯ ಎಂಜಿನಿಯರುಗಳಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಏಪ್ರನ್ನಿನ ಸೀಳು ತೋರಿಸಿದವರು ಅವರೇ. ಆದರೆ ತೂಬು ಮುಚ್ಚಬೇಕಾದ ಕೈ ತಡವಾಗದಂತೆ ನೋಡಿಕೊಳ್ಳುವುದು ಒಬ್ಬ ಮನುಷ್ಯನ ಒಳ್ಳೆಯತನಕ್ಕೆ ಬಿಡುವ ವಿಷಯವಲ್ಲ, ಗದ್ದೆಯನ್ನು ಬೇರೆ ಕಡೆ ಕೊಡಬೇಕು.

ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಓಹಿಯೋ ರಾಜ್ಯದ ಡೇವಿಸ್-ಬೆಸ್ಸಿ ಸ್ಥಾವರ ಉದಾಹರಣೆ. ಅಲ್ಲಿನ ನಿಯಂತ್ರಣ ಆಯೋಗ ಶಕ್ತಿವಂತ ಸಂಸ್ಥೆ, ಸ್ಥಾವರಗಳಲ್ಲೇ ನಿಂತು ನೋಡುವ ಇನ್ಸ್‌ಪೆಕ್ಟರ್‌ಗಳಿದ್ದರು. 2001ರಲ್ಲಿ ಆ ಬಗೆಯ ರಿಯಾಕ್ಟರ್‌ಗಳ ಮೇಲ್ಮುಚ್ಚಳದ ನಳಿಕೆಗಳಲ್ಲಿ ಬಿರುಕು ಕಾಣಿಸಿಕೊಳ್ಳುತ್ತಿದೆ, ಡಿಸೆಂಬರ್ 31ರೊಳಗೆ ಪರೀಕ್ಷಿಸಿ ಎಂದು ಆಯೋಗ ಹೇಳಿತು. ನಿಲ್ಲಿಸಿದರೆ ನಷ್ಟ, ಮುಂದಿನ ಇಂಧನ ತುಂಬುವ ಹೊತ್ತಿಗೆ ಹೇಗೂ ನಿಲ್ಲಿಸುತ್ತೇವಲ್ಲ ಎಂದು ಕಂಪನಿ ಕೇಳಿಕೊಂಡಿತು. ನಿಲ್ಲಿಸುವ ಆದೇಶದ ಕರಡೇ ಸಿದ್ಧವಾಗಿತ್ತು. ಕೊನೆಗೆ ಚೌಕಾಸಿ ಮಾಡಿ 2002ರ ಫೆಬ್ರವರಿ 16ರವರೆಗೆ ಬಿಟ್ಟರು. ನಿಲ್ಲಿಸಿ ನೋಡಿದಾಗ ಸೋರಿದ ಬೋರಿಕ್ ಆಮ್ಲ ಮುಚ್ಚಳದ ಉಕ್ಕನ್ನು ತಿಂದು, ಸುಲಿಯದ ತೆಂಗಿನಕಾಯಿಯಷ್ಟು ದೊಡ್ಡ ಗುಳಿ ಮಾಡಿತ್ತು. ಆರು ಅಂಗುಲಕ್ಕೂ ಮೀರಿದ ದಪ್ಪದ ಉಕ್ಕು ಆ ಜಾಗದಲ್ಲಿ ಪೂರ್ತಿ ಹೋಗಿತ್ತು. ಉಳಿದಿದ್ದದ್ದು ಒಳಮೈಗೆ ಹಚ್ಚಿದ್ದ, ಒಂದು ಸೆಂಟಿಮೀಟರೂ ಇಲ್ಲದ ಸ್ಟೇನ್‌ಲೆಸ್ ಸ್ಟೀಲ್ ಪದರ. ಒಳಗಿನ ಭಾರೀ ಒತ್ತಡದ ಬಿಸಿನೀರನ್ನು ಅಷ್ಟು ದಿನ ತಡೆದು ನಿಂತದ್ದು ಅದೊಂದೇ. ಇದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ಏಪ್ರನ್ನಿನ ನೀಲಿ ಬಟ್ಟೆ.

ಜಪಾನಿನಲ್ಲಿ ಹಳೆಯ ನಿಯಂತ್ರಣ ಸಂಸ್ಥೆ ಅಣು ವಿದ್ಯುತ್ತನ್ನು ಬೆಳೆಸಬೇಕಿದ್ದ ಸಚಿವಾಲಯದ ಅಡಿಯಲ್ಲೇ ಇತ್ತು. 2011ರ ಮಾರ್ಚ್ 11ರಂದು ಸುನಾಮಿ ಫುಕುಶಿಮಾಕ್ಕೆ ನುಗ್ಗಿದ ಮೇಲೆ ಅಲ್ಲಿನ ಸಂಸತ್ತು ನೇಮಿಸಿದ ತನಿಖಾ ಆಯೋಗ ಅದನ್ನು ಮನುಷ್ಯರಿಂದ ಆದ ದುರಂತ ಎಂದೇ ಬರೆಯಿತು. 2012ರ ಸೆಪ್ಟೆಂಬರಿನಲ್ಲಿ ಹಳೆಯ ಸಂಸ್ಥೆ ಹೋಗಿ ಸ್ವತಂತ್ರ ಪ್ರಾಧಿಕಾರ ಬಂತು. ಇಷ್ಟಾದ ಮೇಲೆ.

ನಮ್ಮಲ್ಲಿ ಈ ಮಾತನ್ನು ಮೊದಲು ಗಟ್ಟಿಯಾಗಿ ಆಡಿದವರು ಮಂಡಳಿಯ ಅಧ್ಯಕ್ಷರೇ ಆಗಿದ್ದ ಎ. ಗೋಪಾಲಕೃಷ್ಣನ್. 1993ರಿಂದ 1996ರವರೆಗೆ ಅವರ ಅವಧಿ. ದೇಶದ ಅಣು ಸ್ಥಾವರಗಳಲ್ಲಿ ಸರಿಪಡಿಸಬೇಕಾದ 130 ಸುರಕ್ಷತಾ ವಿಷಯಗಳ ಪಟ್ಟಿಯೊಂದು ಅವರ ಕಾಲದಲ್ಲಿ ಸಿದ್ಧವಾಯಿತು. ಅವರ ಕಾಲದಲ್ಲೇ, 1994ರ ಮೇ 13ರಂದು, ಕಟ್ಟುತ್ತಿದ್ದ ಕೈಗಾ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು, ನೂರು ಟನ್ನಿಗೂ ಹೆಚ್ಚು. ಇಂಧನ ಇನ್ನೂ ಒಳಗೆ ಬಂದಿರಲಿಲ್ಲ, ಕಾರ್ಮಿಕರಿಗೆ ಗಾಯಗಳಾದವು. ಅಪಘಾತವಾದಾಗ ವಿಕಿರಣ ಹೊರಹೋಗದಂತೆ ತಡೆಯಬೇಕಾದ ಗುಮ್ಮಟ ಅದು. ವಿನ್ಯಾಸವನ್ನೇ ಮತ್ತೆ ಮಾಡಿ, ಮಂಡಳಿಯ ಪರಿಶೀಲನೆ ದಾಟಿ, ಹೊಸ ಗುಮ್ಮಟ ಕಟ್ಟಿ, ಘಟಕ ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದ ನವೆಂಬರಿನಲ್ಲಿ. ವರ್ಷಗಳೇ ಹೋದವು, ಹಣವೂ ಹೋಯಿತು. ಆದರೆ ಅದೇ ಘಟಕ ಮುಂದೆ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಮಾಡಿತು. ತಮ್ಮ ಅದನ್ನು ಹೇಳುವಾಗ ಹೆಮ್ಮೆ ಪಡುತ್ತಾನೆ, ಪಡಲಿ. ಆ ದಾಖಲೆಯ ಲೆಕ್ಕವನ್ನು ನಾನಾದರೆ 1994ರಲ್ಲಿ ಗುಮ್ಮಟದ ಕೆಲಸ ನಿಂತ ದಿನದಿಂದ ಹಿಡಿಯುತ್ತೇನೆ.

2012ರ ಆ ಸಿಎಜಿ ವರದಿ ಎಕ್ಸ್‌ರೇ ಘಟಕಗಳಿಗೇ ಮುಗಿದಿರಲಿಲ್ಲ. ಮಂಡಳಿಗೆ ನಿಯಮಗಳನ್ನು ರೂಪಿಸುವ ಅಧಿಕಾರವಿಲ್ಲ, ಅದು ಸರ್ಕಾರದ ಅಧೀನ ಕಚೇರಿಯಾಗಿಯೇ ಉಳಿದಿದೆ ಎಂದು ಬರೆದಿತ್ತು. ನಿಯಮ ಮುರಿದವರಿಗೆ ಗರಿಷ್ಠ ದಂಡ 500 ರೂಪಾಯಿ ಎಂದೂ ಅದರಲ್ಲಿತ್ತು. ನಮ್ಮ ಮಾಲೀಕರು ಒಂದು ಬೆಳಿಗ್ಗೆ ಎಕ್ಸ್‌ರೇಯಿಂದ ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರು. ಸ್ವತಂತ್ರ ಪ್ರಾಧಿಕಾರಕ್ಕಾಗಿ 2011ರಲ್ಲಿ ಸಂಸತ್ತಿಗೆ ಬಂದ ಮಸೂದೆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2015ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಜ್ಞರು ಬಂದು ನೋಡಿ, ಮಂಡಳಿಯ ಕೆಲಸದಲ್ಲಿ ಮೆಚ್ಚುವುದನ್ನು ಮೆಚ್ಚಿ, ಅದರ ಸ್ವಾತಂತ್ರ್ಯವನ್ನು ಕಾನೂನಿನಲ್ಲೇ ಬರೆಯಿರಿ ಎಂದು ಹೇಳಿ ಹೋದರು. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ, ‘ಶಾಂತಿ’ ಎಂಬ ಹೆಸರಿನ ಹೊಸ ಪರಮಾಣು ಶಕ್ತಿ ಕಾಯ್ದೆ ಕೊನೆಗೂ ಮಂಡಳಿಗೆ ಶಾಸನದ ಸ್ಥಾನ ಕೊಟ್ಟಿದೆ. ಅದೇ ಕಾಯ್ದೆ ಅಣು ವಿದ್ಯುತ್ತಿಗೆ ಖಾಸಗಿಯವರ ಬಾಗಿಲನ್ನೂ ತೆರೆದಿದೆ. ತೂಬಿನ ಕೆಳಗೆ ಗದ್ದೆಗಳು ಹೆಚ್ಚುತ್ತವೆ ಎಂದಾದರೆ ನೀರುಗಂಟಿಗಳೂ ಹೆಚ್ಚಬೇಕು, ಅವರ ಕೈಗೆ ಬಲವೂ ಬರಬೇಕು. ಕಾಯ್ದೆಯ ಹೆಸರಿಗಿಂತ ನಾನು ಕಾಯುವುದು ಎಷ್ಟು ಇನ್ಸ್‌ಪೆಕ್ಟರ್‌ಗಳನ್ನು ನೇಮಿಸಿದರು, ಅವರು ಎಷ್ಟು ಸಲ ನಿಲ್ಲಿಸಿ ಎಂದರು ಎಂಬ ಸುದ್ದಿಗೆ.

ಇನ್ನೊಂದು ಘಟನೆ ಹೇಳದೆ ಬಿಡಲಾರೆ. 2009ರ ನವೆಂಬರಿನಲ್ಲಿ ಕೈಗಾದ ಹಲವು ಕೆಲಸಗಾರರ ಮೈಯಲ್ಲಿ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್, ಹೆಚ್ಚಾಗಿದ್ದದ್ದು ಗೊತ್ತಾಯಿತು. ಕುಡಿಯುವ ನೀರಿನ ಕೂಲರಿಗೆ ಯಾರೋ ರಿಯಾಕ್ಟರಿನಲ್ಲಿ ಬಳಸುವ, ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಟ್ರಿಟಿಯಂ ನೀರಿನೊಂದಿಗೇ ಬೆರೆತು ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಅದರ ಕಿರಣ ಚರ್ಮವನ್ನೂ ದಾಟದಷ್ಟು ದುರ್ಬಲ. ನನ್ನ ಎದೆಯ ಮೇಲಿನ ಬ್ಯಾಡ್ಜಿಗಂತೂ ಅದು ಕಾಣುವುದೇ ಇಲ್ಲ. ಅದನ್ನು ಹಿಡಿದದ್ದು ಅಲ್ಲಿನ ಕೆಲಸಗಾರರು ನಿಯಮದಂತೆ ಆಗಾಗ ಕೊಡುತ್ತಿದ್ದ ಮೂತ್ರದ ಮಾದರಿ. ಯಾರಿಗೂ ಕಾಯಿಲೆ ಬಂದಿರಲಿಲ್ಲ, ಯಾರೂ ದೂರು ಕೊಟ್ಟಿರಲಿಲ್ಲ. ಎಂದಿನಂತೆ ಸೀಸೆ ಕೊಟ್ಟು ಹೋದರು, ಎಂದಿನಂತೆ ಪರೀಕ್ಷೆಯಾಯಿತು, ಸಂಖ್ಯೆ ಎಂದಿನಂತಿರಲಿಲ್ಲ. ಆ ಬೇಸರದ ಸೀಸೆಯನ್ನು ಒಬ್ಬರು ಕೂಡ ಒಂದು ತಿಂಗಳು ಬಿಡೋಣ ಎಂದಿದ್ದರೆ?

ನಮ್ಮ ಕೊಠಡಿಗೆ ಹೋದ ತಿಂಗಳು ತರಬೇತಿಗೆಂದು ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ಸೇರಿದ್ದಾಳೆ. ಲಕೋಟೆಯಿಂದ ಅವಳ ಬ್ಯಾಡ್ಜ್ ತೆಗೆದು ಕೊಟ್ಟೆ. ಹೆಸರು ನೋಡಿಕೊಂಡು ಸಂತೋಷದಿಂದ ಸಿಕ್ಕಿಸಿಕೊಂಡಳು, ಏಪ್ರನ್ನಿನ ಮೇಲೆ. ಒಳಗೆ ಹಾಕಿಕೋ ಎಂದು ತೋರಿಸಿದೆ. ಸಂಜೆ ಹೊರಡುವಾಗ ಬಿಚ್ಚಿ ಎಲ್ಲಿಡಬೇಕು ಎಂದೂ ತೋರಿಸಿದೆ. ಹಳೆಯ ಏಳು ಬ್ಯಾಡ್ಜ್‌ಗಳನ್ನು ಎಣಿಸಿ, ಪುಸ್ತಕದಲ್ಲಿ ಬರೆದು, ಅದೇ ಲಕೋಟೆಗೆ ಹಾಕಿ ಕಳುಹಿಸಿದೆವು.

ರಾತ್ರಿ ಊರಿಂದ ಅಪ್ಪನ ಫೋನು. ಸಂಕ್ರಾಂತಿಯ ಆ ಸಂಜೆಯ ನಂತರ ಅವರಿಗೆ ಈ ಲಕೋಟೆಯ ದಿನ ನೆನಪಿರುತ್ತದೆ.

“ನಿನ್ನದು ಈ ಸಲ ಎಷ್ಟು ಬಂದಿದೆ ಅವ್ವ?”

“ಸೊನ್ನೆ ಪಾಯಿಂಟ್ ಒಂದು, ಅಪ್ಪ.”

“ಹೋದ ಸಲವೂ ಅಷ್ಟೇ ಇತ್ತಲ್ಲ” ಎಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಗೋಡೆಯ ಹತ್ತಿರ ಹೋಗಿರಬೇಕು, ಪೆನ್ಸಿಲು ಕ್ಯಾಲೆಂಡರಿನ ಮೇಲೆ ಗೀಚುವ ಸದ್ದು ಕೇಳಿಸಿತು.